ಸೊಂಟದ ಆಪರೇಷನ್ ಆಯಿತು, ಕ್ರಿಯಾಟಿನಿನ್ ಏಕೆ ಏರಿತು?

ಪ್ರಶ್ನೆ: ನನ್ನ ತಾಯಿಗೆ 78 ವರ್ಷ, ತೂಕ 45 ಕೆ.ಜಿ. ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟಾನ್ ಮತ್ತು ಹೈಡ್ರೋಕ್ಲೋರೋಥಯಾಜೈಡ್ ಸೇರಿದ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಮಂಡಿನೋವು ಜಾಸ್ತಿಯಾದಾಗ ಡೈಕ್ಲೋಫೆನಾಕ್ ನುಂಗುತ್ತಿದ್ದರು. ಒಂದು ರಾತ್ರಿ ಸ್ನಾನದ ಮನೆಯಲ್ಲಿ ಬಿದ್ದವರು ಬೆಳಗಿನವರೆಗೆ ಏಳಲಾಗದೆ ನೆಲದ ಮೇಲೆಯೇ ಇದ್ದರು. ಸೊಂಟದ ಮೂಳೆ ಮುರಿದಿತ್ತು. ಮೂರನೆಯ ದಿನ ಶಸ್ತ್ರಚಿಕಿತ್ಸೆ ಆಯಿತು. ಎರಡು ತಿಂಗಳ ಹಿಂದೆ 1.0 ಇದ್ದ ಕ್ರಿಯಾಟಿನಿನ್ ಶಸ್ತ್ರಚಿಕಿತ್ಸೆಯ ನಂತರ 2.3ಕ್ಕೆ ಏರಿತು. ಹತ್ತನೆಯ ದಿನ ಮನೆಗೆ ಬರುವಾಗ 1.6 ಇತ್ತು. ಮೊದಲು ಏನೂ ತೊಂದರೆ ಇರಲಿಲ್ಲ. ಅರಿವಳಿಕೆಯಿಂದ ಹೀಗಾಯಿತೇ? ಡಯಾಲಿಸಿಸ್ ಬೇಕಾಗುತ್ತದೆಯೇ? ಒಬ್ಬರು ನೀರು ಹೆಚ್ಚು ಕುಡಿಸಿ ಎನ್ನುತ್ತಾರೆ, ಇನ್ನೊಬ್ಬರು ಕಡಿಮೆ ಮಾಡಿ ಎನ್ನುತ್ತಾರೆ. ಪ್ರೋಟೀನ್ ಬಿಡಿಸಬೇಕೇ? ನಿಲ್ಲಿಸಿರುವ ರಕ್ತದೊತ್ತಡದ ಮಾತ್ರೆ ಯಾವಾಗ ಶುರು ಮಾಡಬೇಕು? ಮೂಳೆ ಗಟ್ಟಿಯಾಗಲು ವರ್ಷಕ್ಕೊಮ್ಮೆ ಕೊಡುವ ಇಂಜೆಕ್ಷನ್ ಹೇಳಿದ್ದಾರೆ; ಅದು ಕಿಡ್ನಿಗೆ ಆಗುವುದಿಲ್ಲ ಎಂದೂ ಕೇಳಿದ್ದೇವೆ.

ಉತ್ತರ: ಡಯಾಲಿಸಿಸ್ ಮಾತಿನಿಂದಲೇ ಶುರು ಮಾಡುತ್ತೇನೆ. ಆ ಭಯ ಮನಸ್ಸಿನಲ್ಲಿ ಕುಳಿತಿರುವಾಗ ಉಳಿದ ಮಾತು ಕಿವಿಗೆ ಬೀಳುವುದಿಲ್ಲ. 2.3ಕ್ಕೆ ಏರಿದ್ದು 1.6ಕ್ಕೆ ಇಳಿದಿದೆ, ನಿಮ್ಮ ತಾಯಿ ಮನೆಗೆ ಬಂದಿದ್ದಾರೆ. ಹೀಗೆ ಇಳಿಮುಖವಾಗಿರುವವರಿಗೆ ಡಯಾಲಿಸಿಸ್ ಬೇಕಾಗುವುದು ತೀರಾ ಅಪರೂಪ. ಡಯಾಲಿಸಿಸ್‌ಗೆ ಕಾರಣವಾಗುವುದು ಕ್ರಿಯಾಟಿನಿನ್ ಎಷ್ಟಿದೆ ಎಂಬ ಒಂದು ಅಂಕಿಯಲ್ಲ. ಔಷಧಕ್ಕೆ ಬಗ್ಗದಷ್ಟು ಪೊಟ್ಯಾಸಿಯಂ ಏರಿದರೆ, ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟಿದರೆ, ರಕ್ತದ ಆಮ್ಲೀಯತೆ ಹತೋಟಿಗೆ ಬರದಿದ್ದರೆ, ಯೂರಿಯಾ ಏರಿ ಮಂಪರು, ವಾಂತಿ ಕಾಣಿಸಿಕೊಂಡರೆ ಮಾತ್ರ ಅದರ ಯೋಚನೆ. ಅಂಥ ಸ್ಥಿತಿಯಲ್ಲೂ ಅನೇಕರಿಗೆ ಅದು ಕೆಲವು ದಿನಗಳ ಆಸರೆ, ಜೀವನಪರ್ಯಂತದ ಶಿಕ್ಷೆಯಲ್ಲ.

ಆದರೆ ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು 2.3ರ ಮೇಲಲ್ಲ, 1.0ರ ಮೇಲೆ. "ಮೊದಲು ಏನೂ ತೊಂದರೆ ಇರಲಿಲ್ಲ" ಎಂದು ಬರೆದಿದ್ದೀರಿ. ಪ್ರಯೋಗಾಲಯದ ಕಾಗದವೂ ಅದನ್ನೇ ಹೇಳಿರುತ್ತದೆ, 1.0ರ ಪಕ್ಕದಲ್ಲಿ ಯಾವ ನಕ್ಷತ್ರ ಚಿಹ್ನೆಯೂ ಇದ್ದಿರಲಾರದು. ಕ್ರಿಯಾಟಿನಿನ್ ನಮ್ಮ ಸ್ನಾಯುಗಳಿಂದ ದಿನವೂ ರಕ್ತಕ್ಕೆ ಬೀಳುವ ಕಸ, ಅದನ್ನು ಹೊರಹಾಕುವುದು ಮೂತ್ರಪಿಂಡದ ಕೆಲಸ. ಸಣಕಲು ಮೈಯವರಲ್ಲಿ ಸ್ನಾಯು ಕಡಿಮೆ, ಹಾಗಾಗಿ ಕಸವೂ ಕಡಿಮೆ. ಗುಡಿಸುವವರು ಅರ್ಧ ದಿನ ಮಾತ್ರ ಕೆಲಸ ಮಾಡಿದರೂ ಅಂಥ ಮನೆ ಚೊಕ್ಕಟವಾಗಿಯೇ ಕಾಣುತ್ತದೆ.

ಬೇಕಾದರೆ ನೀವೇ ಲೆಕ್ಕ ಹಾಕಿ ನೋಡಿ. ಕಾಕ್‌ಕ್ರಾಫ್ಟ್–ಗಾಲ್ಟ್ ಎಂಬ ಹಳೆಯ ಸೂತ್ರವೊಂದಿದೆ. 140ರಿಂದ ವಯಸ್ಸನ್ನು ಕಳೆಯಬೇಕು: 62. ಅದನ್ನು ತೂಕದಿಂದ ಗುಣಿಸಬೇಕು: 2790. ಅದನ್ನು ಕ್ರಿಯಾಟಿನಿನ್ನಿನ 72 ಪಟ್ಟಿನಿಂದ ಭಾಗಿಸಿ, ಹೆಂಗಸರಾದರೆ 0.85ರಿಂದ ಗುಣಿಸಬೇಕು. ಬರುವ ಉತ್ತರ ಸುಮಾರು 33. ಅಂದರೆ ನಿಮಿಷಕ್ಕೆ 33 ಮಿ.ಲೀ. ಶೋಧನೆ. ಆರೋಗ್ಯವಂತ ಯುವತಿಯಲ್ಲಿ ಇದು 100ರ ಆಸುಪಾಸಿನಲ್ಲಿರುತ್ತದೆ. ಈಗಿನ ಪ್ರಯೋಗಾಲಯಗಳು ವರದಿಯಲ್ಲಿ ಮುದ್ರಿಸುವ, ಇದೇ ಶೋಧನೆಯನ್ನು ಅಂದಾಜು ಮಾಡುವ ಇಜಿಎಫ್‌ಆರ್ ಸೂತ್ರದಲ್ಲಿ ಹಾಕಿದರೆ ಇದೇ 1.0ಕ್ಕೆ 58ರ ಹತ್ತಿರ ಬರುತ್ತದೆ, ಏಕೆಂದರೆ ಆ ಸೂತ್ರ ತೂಕವನ್ನು ಕೇಳುವುದೇ ಇಲ್ಲ. ನಿಜ ಇವೆರಡರ ನಡುವೆ ಎಲ್ಲೋ ಇರುತ್ತದೆ. ಎರಡರಲ್ಲಿ ಯಾವುದನ್ನು ನಂಬಿದರೂ ಒಂದು ಮಾತು ಉಳಿಯುತ್ತದೆ: ನಿಮ್ಮ ತಾಯಿಯ ಮೂತ್ರಪಿಂಡಗಳು ಬೀಳುವ ಮೊದಲೇ ಕೈಯಲ್ಲಿ ಹೆಚ್ಚು ಉಳಿತಾಯವಿಲ್ಲದೆ ಸಂಸಾರ ನಡೆಸುತ್ತಿದ್ದವು. ದಿನನಿತ್ಯದ ಖರ್ಚಿಗೆ ಸಾಲುತ್ತಿತ್ತು. ಆಪತ್ತಿಗೆ ಇರಲಿಲ್ಲ.

ಆ ಆಪತ್ತು ಶುರುವಾದದ್ದು ಸ್ನಾನದ ಮನೆಯ ನೆಲದ ಮೇಲೆ, ಆಪರೇಷನ್ ಕೋಣೆಯಲ್ಲಲ್ಲ. ಗಟ್ಟಿ ನೆಲದ ಮೇಲೆ ಮಗ್ಗುಲಾಗಿ ಗಂಟೆಗಟ್ಟಲೆ ಬಿದ್ದಿರುವಾಗ ಮೈಭಾರದ ಕೆಳಗೆ ಸಿಕ್ಕ ಸ್ನಾಯು ಜಜ್ಜಿಹೋಗುತ್ತದೆ. ಅದರಿಂದ ಮಯೋಗ್ಲೋಬಿನ್ ಎಂಬ ಕೆಂಪು ಪ್ರೋಟೀನ್ ರಕ್ತಕ್ಕೆ ಸೇರಿ, ಮೂತ್ರಪಿಂಡದ ಸೂಕ್ಷ್ಮ ನಾಳಗಳಲ್ಲಿ ಗಟ್ಟಿಕಟ್ಟಿ ಅವುಗಳನ್ನು ಹಾಳುಮಾಡುತ್ತದೆ. ಎರಡನೆಯ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಕುಸಿದ ಕಟ್ಟಡಗಳಡಿ ಸಿಕ್ಕಿಕೊಂಡು ಬದುಕಿ ಬಂದವರು ಕೆಲವು ದಿನಗಳ ನಂತರ ಮೂತ್ರ ನಿಂತು ಸಾಯುತ್ತಿದ್ದುದನ್ನು 1941ರಲ್ಲಿ ಲಂಡನ್ನಿನ ಎರಿಕ್ ಬೈವಾಟರ್ಸ್ ಮತ್ತು ಡೆಸ್ಮಂಡ್ ಬೀಲ್ ದಾಖಲಿಸಿದರು. ಸ್ನಾನದ ಮನೆಯಲ್ಲಿ ನಡೆಯುವುದು ಅದರದೇ ಚಿಕ್ಕ ರೂಪ. ಆಸ್ಪತ್ರೆಯ ಕಾಗದಗಳಲ್ಲಿ ಸಿಕೆ ಅಥವಾ ಸಿಪಿಕೆ ಎಂಬ, ಸ್ನಾಯು ಜಜ್ಜಿದಾಗ ಏರುವ ರಕ್ತ ಪರೀಕ್ಷೆ ಇದೆಯೇ ನೋಡಿ. ಅದು 5000 ದಾಟಿದ್ದರೆ ಈ ಕಾರಣಕ್ಕೆ ತೂಕ ಹೆಚ್ಚು. ಮೊದಲ ಎರಡು ದಿನ ಮೂತ್ರ ಕಷಾಯದಂತೆ ಕಂದು ಬಣ್ಣಕ್ಕಿತ್ತೇ ಎಂಬುದನ್ನೂ ನೆನಪಿಸಿಕೊಳ್ಳಿ.

ಆ ರಾತ್ರಿ ಅವರು ಒಂದು ಗುಟುಕು ನೀರನ್ನೂ ಕುಡಿದಿರಲಾರರು. ಆಸ್ಪತ್ರೆಗೆ ಬಂದ ಮೇಲೆ ನೋವು, ವಾಕರಿಕೆ. ಇಂದು ಆಪರೇಷನ್ ಎಂದು ಉಪವಾಸ ಇರಿಸಿ, ಸಂಜೆ ನಾಳೆಗೆ ಮುಂದೂಡಿ, ಮರುದಿನ ಮತ್ತೆ ಉಪವಾಸ ಇರಿಸುವುದೂ ಉಂಟು. ಅರಿವಳಿಕೆಗೆ ಎರಡು ಗಂಟೆ ಮೊದಲಿನವರೆಗೆ ತಿಳಿನೀರು ಕುಡಿಯಬಹುದು ಎಂದು ಅರಿವಳಿಕೆ ತಜ್ಞರ ಮಾರ್ಗಸೂಚಿಗಳೇ ಹೇಳುತ್ತವೆ. ಆದರೂ ಮಧ್ಯರಾತ್ರಿಯಿಂದ ಏನೂ ಬೇಡ ಎಂಬ ಹಳೆಯ ರೂಢಿ ವಾರ್ಡುಗಳಲ್ಲಿ ಸುಲಭವಾಗಿ ಸಾಯುತ್ತಿಲ್ಲ. ಇದರ ಮೇಲೆ ರಕ್ತಸ್ರಾವ. ತೊಡೆಮೂಳೆಯ ಮೇಲ್ತುದಿ ಕೀಲಿನ ಚೀಲದಿಂದ ಹೊರಗೆ ಮುರಿದಿದ್ದರೆ ರಕ್ತ ತೊಡೆಯ ಸ್ನಾಯುಗಳ ನಡುವೆ ಇಳಿಯುತ್ತದೆ. ಹಾಸಿಗೆಯ ಮೇಲೆ ಒಂದು ಹನಿಯೂ ಕಾಣುವುದಿಲ್ಲ, ಆದರೂ ಒಂದು ಲೀಟರ್‌ಗೂ ಹೆಚ್ಚು ಹೋಗಿರಬಹುದು. ಹೃದಯ ಹೊರದಬ್ಬುವ ರಕ್ತದಲ್ಲಿ ಸುಮಾರು ಐದನೇ ಒಂದು ಪಾಲನ್ನು ಪಡೆಯುವ ಅಂಗ ಮೂತ್ರಪಿಂಡ. ಮೈಯಲ್ಲಿ ರಕ್ತ ಕಡಿಮೆಯಾದಾಗ ದೇಹ ಮೊದಲು ಕೈಹಾಕುವುದೂ ಅದರ ಪಾಲಿಗೇ.

ಮಾತ್ರೆಗಳ ಪಾತ್ರ ಬರುವುದು ಇಲ್ಲಿ. ಮೂತ್ರಪಿಂಡದ ಒಂದೊಂದು ಶೋಧಕಕ್ಕೂ ರಕ್ತ ಒಳಬರುವ ಒಂದು ಬಾಗಿಲು, ಹೊರಹೋಗುವ ಒಂದು ಬಾಗಿಲು ಇದೆ. ರಕ್ತ ಕಡಿಮೆಯಾದಾಗ ಅದು ಒಳಬಾಗಿಲನ್ನು ಅಗಲ ಮಾಡಿ, ಹೊರಬಾಗಿಲನ್ನು ಕಿರಿದು ಮಾಡಿ, ಒಳಗಿನ ಒತ್ತಡವನ್ನು ಹೇಗೋ ಕಾಪಾಡಿಕೊಳ್ಳುತ್ತದೆ. ಡೈಕ್ಲೋಫೆನಾಕ್ ಆ ಒಳಬಾಗಿಲನ್ನು ಅಗಲವಾಗಲು ಬಿಡುವುದಿಲ್ಲ. ಟೆಲ್ಮಿಸಾರ್ಟಾನ್ ಹೊರಬಾಗಿಲನ್ನು ಕಿರಿದಾಗಲು ಬಿಡುವುದಿಲ್ಲ. ಹೈಡ್ರೋಕ್ಲೋರೋಥಯಾಜೈಡ್ ಮೈಯ ನೀರು ಮತ್ತು ಉಪ್ಪನ್ನು ಹೊರಗೆ ಕಳುಹಿಸುತ್ತಲೇ ಇರುತ್ತದೆ. ಆರೋಗ್ಯವಾಗಿ ಓಡಾಡಿಕೊಂಡಿರುವವರಲ್ಲಿ ಈ ಮೂರೂ ಒಟ್ಟಿಗಿದ್ದರೂ ಬಹಳ ಸಲ ಏನೂ ಆಗುವುದಿಲ್ಲ. ನೀರಿಲ್ಲದೆ, ರಕ್ತ ಕಳೆದುಕೊಂಡು ಮಲಗಿದವರಲ್ಲಿ ಇದೇ ಮೂರು ಸೇರಿದರೆ ಮೂತ್ರಪಿಂಡದ ಕೈಕಾಲು ಕಟ್ಟಿ ನೀರಿಗೆ ಎಸೆದಂತೆ. ಬಿದ್ದ ಮರುದಿನ ನೋವಿಗೆಂದು ಡೈಕ್ಲೋಫೆನಾಕ್ ಜಾತಿಯ ಇಂಜೆಕ್ಷನ್ ಕೊಟ್ಟಿದ್ದಾರೆಯೇ, ಬೆಳಗಿನ ರಕ್ತದೊತ್ತಡದ ಮಾತ್ರೆ ಎಂದಿನಂತೆ ಮುಂದುವರಿದಿತ್ತೇ ಎಂಬುದನ್ನು ಆಸ್ಪತ್ರೆಯ ಔಷಧ ಪಟ್ಟಿಯಲ್ಲಿ ಹುಡುಕಿ. ಯಾರ ಮೇಲಾದರೂ ತಪ್ಪು ಹೊರಿಸಲು ಇದನ್ನು ಹೇಳುತ್ತಿಲ್ಲ. ಮುಂದಿನ ಸಲ ಯಾವುದೇ ವೈದ್ಯರ ಬಳಿ ಹೋದಾಗ ಮೊದಲ ಮಾತಾಗಿ ಹೇಳಲು ನಿಮಗೆ ಅದು ಗೊತ್ತಿರಬೇಕು.

ಅರಿವಳಿಕೆಯ ಬಗ್ಗೆ ಕೇಳಿದ್ದೀರಿ. ಬೆನ್ನಿಗೆ ಸೂಜಿ ಕೊಟ್ಟರೂ, ಪೂರ್ತಿ ಪ್ರಜ್ಞೆ ತಪ್ಪಿಸಿದರೂ, ರಕ್ತದೊತ್ತಡ ಇಳಿಯುವುದುಂಟು. ಆ ಇಳಿಕೆ ಹೆಚ್ಚು ಹೊತ್ತು ಮುಂದುವರಿದರೆ ಮೂತ್ರಪಿಂಡಕ್ಕೆ ಪೆಟ್ಟು. ಅರಿವಳಿಕೆಯ ಔಷಧವೇ ವಿಷವಾಗಿ ಕಾಡುವುದಿಲ್ಲ. ಆಪರೇಷನ್ ಮಾಡಿಸದೆ ಇದ್ದಿದ್ದರೆ ಎಂದು ಕೊರಗಬೇಡಿ. ಸೊಂಟ ಮುರಿದವರಿಗೆ ದಾಖಲಾದ ದಿನ ಅಥವಾ ಮರುದಿನವೇ ಶಸ್ತ್ರಚಿಕಿತ್ಸೆ ಆಗಬೇಕು ಎನ್ನುತ್ತದೆ ಬ್ರಿಟನ್ನಿನ ಮಾರ್ಗಸೂಚಿ. ಮಲಗಿಸಿಯೇ ಇಟ್ಟಿದ್ದರೆ ಮೂತ್ರಪಿಂಡದ ಜೊತೆಗೆ ಶ್ವಾಸಕೋಶ, ಚರ್ಮ, ಬುದ್ಧಿ ಎಲ್ಲವೂ ಕೆಡುತ್ತಿದ್ದವು. ಅಧ್ಯಯನದಿಂದ ಅಧ್ಯಯನಕ್ಕೆ ಲೆಕ್ಕ ಬದಲಾದರೂ, ಸೊಂಟ ಮುರಿದು ಶಸ್ತ್ರಚಿಕಿತ್ಸೆಗೊಳಗಾದ ಹಿರಿಯರಲ್ಲಿ ಸ್ಥೂಲವಾಗಿ ಹತ್ತರಲ್ಲಿ ಒಬ್ಬರಿಂದ ಐವರಲ್ಲಿ ಒಬ್ಬರವರೆಗೆ ಮೂತ್ರಪಿಂಡಕ್ಕೆ ಹೀಗೆ ದಿಢೀರ್ ಪೆಟ್ಟು ಬೀಳುತ್ತದೆ. 48 ಗಂಟೆಗಳಲ್ಲಿ ಕ್ರಿಯಾಟಿನಿನ್ 0.3 ಏರಿದರೆ ಅಥವಾ ವಾರದೊಳಗೆ ಹಿಂದಿನದರ ಒಂದೂವರೆ ಪಟ್ಟಾದರೆ ಅದನ್ನು ದಿಢೀರ್ ಪೆಟ್ಟು ಎನ್ನುತ್ತೇವೆ. ಎರಡು ಪಟ್ಟು ದಾಟಿದರೆ ಎರಡನೆಯ ಹಂತ, ಮೂರು ಪಟ್ಟಾದರೆ ಮೂರನೆಯದು. ನಿಮ್ಮ ತಾಯಿಯದು ಎರಡನೆಯ ಹಂತ.

ಇನ್ನೊಂದು ಕಾರಣವನ್ನು ಬಿಡಬಾರದು. ಅದು ಎಷ್ಟು ಸರಳವೆಂದರೆ ನಮ್ಮಂಥ ತಜ್ಞರೇ ಮರೆಯುತ್ತೇವೆ. ಕೆಲವು ವರ್ಷಗಳ ಹಿಂದೆ, ಸೊಂಟದ ಶಸ್ತ್ರಚಿಕಿತ್ಸೆಯಾದ ಹಿರಿಯರೊಬ್ಬರನ್ನು ನೋಡಲು ನನ್ನನ್ನು ಕರೆದಿದ್ದರು. ಮೂತ್ರದ ನಳಿಕೆ ತೆಗೆದು ಒಂದೂವರೆ ದಿನವಾಗಿತ್ತು, ಕ್ರಿಯಾಟಿನಿನ್ ಏರುತ್ತಿತ್ತು, ಮೂತ್ರ ಸಾಲದೆಂದು ಡ್ರಿಪ್ ಮೇಲೆ ಡ್ರಿಪ್ ಹೋಗುತ್ತಿತ್ತು. ಅವರು ಗೊಂದಲದಲ್ಲಿದ್ದರು, ಹೊದಿಕೆ ಕಿತ್ತೆಸೆಯುತ್ತಿದ್ದರು. "ಮೂತ್ರ ಹೋಗುತ್ತಿದೆ, ಆಗಾಗ ಸ್ವಲ್ಪ ಸ್ವಲ್ಪ" ಎಂದು ಮಗ ಹೇಳಿದರು. ಹೊಟ್ಟೆಯ ಕೆಳಭಾಗದ ಮೇಲೆ ಕೈಯಿಟ್ಟರೆ ಹೊಕ್ಕುಳಿನವರೆಗೆ ಗಟ್ಟಿ ಉಂಡೆ. ನಳಿಕೆ ಹಾಕಿದ ಕೂಡಲೇ ಒಂದು ಲೀಟರ್‌ಗೂ ಮಿಕ್ಕಿ ಮೂತ್ರ ಬಂತು. ಅವರು ನಿಟ್ಟುಸಿರು ಬಿಟ್ಟು ನಿದ್ದೆ ಹೋದರು. ಮೂತ್ರಪಿಂಡಕ್ಕೆ ಏನೂ ಆಗಿರಲಿಲ್ಲ, ಕೆಳಗಿನ ದಾರಿ ಕಟ್ಟಿತ್ತು, ಅಷ್ಟೆ. ನೋವಿನ ಬಲವಾದ ಔಷಧಗಳು, ಮಲಬದ್ಧತೆ, ಮಲಗಿಯೇ ಇರುವುದು, ಗಂಡಸರಲ್ಲಿ ಪ್ರಾಸ್ಟೇಟ್, ಇವೆಲ್ಲ ಸೇರಿ ಮೂತ್ರಕೋಶ ಖಾಲಿಯಾಗದಂತೆ ಮಾಡುತ್ತವೆ. ಹೆಂಗಸರಲ್ಲೂ ಇದು ಆಗುತ್ತದೆ. ನಿಮ್ಮ ತಾಯಿ ಪದೇ ಪದೇ ಸ್ವಲ್ಪ ಸ್ವಲ್ಪವೇ ಮೂತ್ರ ಮಾಡುತ್ತಿದ್ದರೆ, ಕೆಳಹೊಟ್ಟೆ ಉಬ್ಬಿದ್ದರೆ, ಮೂತ್ರ ಮಾಡಿದ ಮೇಲೆ ಒಳಗೆ ಎಷ್ಟು ಉಳಿದಿದೆ ಎಂದು ಅಲ್ಟ್ರಾಸೌಂಡ್‌ನಲ್ಲಿ ನೋಡಿಸಿ. ಐದು ನಿಮಿಷದ ಕೆಲಸ.

ಈಗ ನೀರಿನ ವಿಚಾರ. ಹೆಚ್ಚು ಎನ್ನುವವರೂ ಕಡಿಮೆ ಎನ್ನುವವರೂ ಬೇರೆ ಬೇರೆ ರೋಗಿಗಳನ್ನು ನೋಡಿ ಮಾತನಾಡುತ್ತಿರುತ್ತಾರೆ. ಕಾಲು ಊದಿಕೊಂಡು, ದಿಂಬು ಎತ್ತರಿಸದೆ ಮಲಗಲಾಗದವರಿಗೆ ನೀರು ಕಡಿಮೆ ಮಾಡಬೇಕು. ಬಾಯಿ ಒಣಗಿ, ಎದ್ದು ನಿಂತರೆ ತಲೆ ಸುತ್ತುವವರಿಗೆ ಹೆಚ್ಚಿಸಬೇಕು. ಹೃದಯದ ತೊಂದರೆ, ಊತ ಇಲ್ಲದಿದ್ದರೆ ನಿಮ್ಮ ತಾಯಿಯ ತೂಕದವರಿಗೆ ಎಲ್ಲ ದ್ರವ ಸೇರಿ ದಿನಕ್ಕೆ ಒಂದೂವರೆ ಲೀಟರ್ ಸುತ್ತಮುತ್ತ ಒಳ್ಳೆಯ ಆರಂಭ. ಮೂರು ನಾಲ್ಕು ಲೀಟರ್ ಕುಡಿಸಿ ಕಿಡ್ನಿ ತೊಳೆಯುತ್ತೇವೆ ಎನ್ನುವುದು ಭ್ರಮೆ. ಇಳಿವಯಸ್ಸಿನವರಲ್ಲಿ ಅದು ಸೋಡಿಯಂ ಇಳಿಸಿ ಹೊಸ ತೊಂದರೆ ತರುತ್ತದೆ.

ಎಷ್ಟು ಕುಡಿದರು ಎನ್ನುವುದಕ್ಕಿಂತ ಎಷ್ಟು ಹೊರಬಂತು ಎನ್ನುವುದು ಹೆಚ್ಚು ಮಾತನಾಡುತ್ತದೆ. ಗಂಟೆಗೆ, ತೂಕದ ಒಂದೊಂದು ಕೆ.ಜಿ.ಗೆ ಅರ್ಧ ಮಿ.ಲೀ. ಎಂಬುದು ನಾವು ಇಟ್ಟುಕೊಂಡಿರುವ ಕೆಳಗಿನ ಗೆರೆ. 45 ಕೆ.ಜಿ.ಗೆ ದಿನಕ್ಕೆ ಸುಮಾರು 540 ಮಿ.ಲೀ. ಆಯಿತು. ಅಳತೆಯ ಗೆರೆಗಳಿರುವ ಒಂದು ಪ್ಲಾಸ್ಟಿಕ್ ಜಗ್ ಶೌಚದ ಹತ್ತಿರ ಇಡಿ. ಎರಡು ವಾರ, ಪ್ರತಿದಿನ ಬೆಳಿಗ್ಗೆ ಏಳರಿಂದ ಮರುದಿನ ಏಳರವರೆಗೆ ಬಂದದ್ದನ್ನು ಕ್ಯಾಲೆಂಡರಿನ ಆ ತಾರೀಖಿನ ಚೌಕದಲ್ಲಿಯೇ ಬರೆಯಿರಿ. ಒಂದು ಲೀಟರ್ ಸುತ್ತ ಇದ್ದರೆ ನೆಮ್ಮದಿಯಾಗಿರಿ. ಅರ್ಧ ಲೀಟರ್‌ಗಿಂತ ಕೆಳಗಿಳಿದರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಆಸ್ಪತ್ರೆಯಲ್ಲಿ ನಳಿಕೆ ಇರುವವರೆಗೆ ಗಂಟೆ ಗಂಟೆಗೂ ಬರೆಯುತ್ತಾರೆ. ನಳಿಕೆ ತೆಗೆದ ದಿನದಿಂದ ಆ ಲೆಕ್ಕವನ್ನು ಕೇಳುವವರೇ ಇರುವುದಿಲ್ಲ.

ಇದರಲ್ಲಿ ಒಂದು ಸೂಕ್ಷ್ಮವಿದೆ. ಸೊಂಟದ ಆಪರೇಷನ್ ಆದ ತಾಯಂದಿರು ನೀರು ಬೇಡ ಎನ್ನುವುದು ಬಹಳ ಸಲ ಬಾಯಾರಿಕೆ ಇಲ್ಲದೆ ಅಲ್ಲ. ಕುಡಿದರೆ ಶೌಚಕ್ಕೆ ಏಳಬೇಕು, ಏಳಬೇಕೆಂದರೆ ನೋವು ತಿನ್ನಬೇಕು, ಮಗಳನ್ನೋ ಸೊಸೆಯನ್ನೋ ರಾತ್ರಿ ಎಬ್ಬಿಸಬೇಕು. ಆ ಸಂಕೋಚಕ್ಕೆ ಲೋಟವನ್ನು ತುಟಿಗೆ ತಾಗಿಸಿ ಕೆಳಗಿಡುತ್ತಾರೆ. "ಕುಡಿದೆಯಾ ಅಮ್ಮಾ?" ಎಂದರೆ "ಕುಡಿದೆ" ಎನ್ನುತ್ತಾರೆ. ಬೈದು ಕುಡಿಸುವುದಕ್ಕಿಂತ ಹಾಸಿಗೆಯ ಪಕ್ಕದಲ್ಲೇ ಕಮೋಡ್ ಕುರ್ಚಿ ಇಟ್ಟರೆ ನೀರು ತಾನಾಗಿ ಒಳಗೆ ಹೋಗುತ್ತದೆ. ಹೆಚ್ಚಿನ ಪಾಲನ್ನು ಸಂಜೆ ಆರರೊಳಗೆ ಕುಡಿಸಿ, ರಾತ್ರಿ ಏಳುವುದು ತಪ್ಪಲಿ. ಅವರು ಬಿದ್ದದ್ದೂ ರಾತ್ರಿಯಲ್ಲವೇ?

ಬಿದ್ದದ್ದರ ಮಾತು ಬಂತು, ಹಾಗಾಗಿ ಇದನ್ನೂ ಹೇಳಿಬಿಡುತ್ತೇನೆ. ದಾಖಲಾದ ದಿನದ ರಕ್ತ ಪರೀಕ್ಷೆಯಲ್ಲಿ ಸೋಡಿಯಂ ಎಷ್ಟಿತ್ತು ನೋಡಿ. ಹೈಡ್ರೋಕ್ಲೋರೋಥಯಾಜೈಡ್ ತೆಗೆದುಕೊಳ್ಳುವ ತೆಳ್ಳಗಿನ ಹಿರಿಯ ಹೆಂಗಸರಲ್ಲಿ ಸೋಡಿಯಂ ಸದ್ದಿಲ್ಲದೆ ಇಳಿದು, ನಡಿಗೆ ತಪ್ಪಿ, ಬೀಳುವುದಕ್ಕೆ ಅದೇ ಕಾರಣವಾಗುವುದನ್ನು ಎಷ್ಟೋ ಸಲ ನೋಡಿದ್ದೇನೆ. 135ಕ್ಕಿಂತ ಚೆನ್ನಾಗಿ ಕೆಳಗಿದ್ದರೆ ಆ ಔಷಧ ಅವರ ಪಟ್ಟಿಗೆ ಮತ್ತೆ ಬರಬಾರದು.

ರಕ್ತದೊತ್ತಡದ ಮಾತ್ರೆಯ ಪ್ರಶ್ನೆಗೆ ಉತ್ತರವೂ ಇದಕ್ಕೆ ಅಂಟಿಕೊಂಡಿದೆ. ಅವಸರ ಬೇಡ. ಕ್ರಿಯಾಟಿನಿನ್ ಇಳಿಯುತ್ತಾ ಒಂದು ಕಡೆ ನಿಲ್ಲಲಿ, ಊಟ ಮತ್ತು ನೀರು ಮೊದಲಿನಂತಾಗಲಿ. ಈಗ ಕುಳಿತಾಗ ಮತ್ತು ಎದ್ದು ನಿಂತು ಮೂರು ನಿಮಿಷವಾದಾಗ ರಕ್ತದೊತ್ತಡ ನೋಡಿ ಬರೆದಿಡಿ. ನಿಂತಾಗ ಮೇಲಿನ ಅಂಕಿ 20ಕ್ಕಿಂತ ಹೆಚ್ಚು ಇಳಿಯುತ್ತಿದ್ದರೆ ಅವರಿಗೆ ಸದ್ಯಕ್ಕೆ ಮಾತ್ರೆಯ ಅಗತ್ಯಕ್ಕಿಂತ ಮತ್ತೆ ಬೀಳುವ ಅಪಾಯ ದೊಡ್ಡದು. ಶುರು ಮಾಡುವ ದಿನ ಬಂದಾಗ ಟೆಲ್ಮಿಸಾರ್ಟಾನ್ ಒಂದನ್ನೇ, ಕಡಿಮೆ ಪ್ರಮಾಣದಲ್ಲಿ ಕೊಡಲಿ. ಒಂದೆರಡು ವಾರಕ್ಕೆ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ನೋಡಲಿ. ಆಗ ಕ್ರಿಯಾಟಿನಿನ್ ಶೇಕಡಾ 30ರೊಳಗೆ ಏರಿದರೆ ಗಾಬರಿಯಿಂದ ನಿಲ್ಲಿಸಬೇಕಿಲ್ಲ. ಈ ಔಷಧ ಕಿಡ್ನಿಯ ಶತ್ರುವಲ್ಲ, ಕಷ್ಟಕಾಲದಲ್ಲಿ ಮಾತ್ರ ಹೊರೆ. ಮುಂದೆ ಯಾವಾಗಲಾದರೂ ವಾಂತಿ, ಭೇದಿ, ಊಟ ಬಿಡುವಷ್ಟು ಜ್ವರ ಬಂದರೆ ಅಂದೇ ವೈದ್ಯರಿಗೆ ಹೇಳಿ, ಆ ದಿನಗಳ ಮಟ್ಟಿಗೆ ಇದನ್ನು ನಿಲ್ಲಿಸಬೇಕೇ ಎಂದು ಕೇಳಿ.

ನೋವಿನ ಮಾತ್ರೆ ವಿಚಾರದಲ್ಲಿ ನನ್ನದು ಕಠಿಣ ಮಾತು: ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸೆಕ್ಲೋಫೆನಾಕ್, ಎಟೊರಿಕಾಕ್ಸಿಬ್, ಈ ವಂಶದ ಯಾವುದೂ ನಿಮ್ಮ ಮನೆಯಲ್ಲಿ ಇರಬಾರದು. ಪ್ಯಾರಸಿಟಮಾಲ್ ಜೊತೆ ಸೇರಿಸಿ ಬೇರೆ ಹೆಸರಿನಲ್ಲಿ ಮಾರುವ ಮಾತ್ರೆಗಳಲ್ಲಿ ಇವು ಅಡಗಿರುತ್ತವೆ. ಪಟ್ಟಿಯ ಹಿಂಭಾಗದ ಸಣ್ಣ ಅಕ್ಷರ ಓದಿ. ಬರಿಯ ಪ್ಯಾರಸಿಟಮಾಲ್ ಸುರಕ್ಷಿತ, ಆದರೆ 45 ಕೆ.ಜಿ.ಯವರಿಗೆ ಒಂದು ಸಲಕ್ಕೆ 1000 ಮಿ.ಗ್ರಾಂ ಹೆಚ್ಚಾಯಿತು, 650ರ ಮಾತ್ರೆ ದಿನಕ್ಕೆ ಮೂರು ಸಲ ಸಾಕು. ನೋವು ಬಂದಾಗ ಎಂದು ಕಾಯದೆ ಹೊತ್ತು ಹೊತ್ತಿಗೆ ಕೊಟ್ಟರೆ ಅದೇ ಮಾತ್ರೆ ಇನ್ನಷ್ಟು ಕೆಲಸ ಮಾಡುತ್ತದೆ. ನೋವನ್ನು ಸಹಿಸಿಕೊಳ್ಳಿ ಎಂದು ಮಾತ್ರ ಹೇಳಬೇಡಿ. ನೋವಿದ್ದವರು ನಡೆಯುವುದಿಲ್ಲ, ನಡೆಯದವರು ಕುಡಿಯುವುದಿಲ್ಲ.

ಮನೆಗೆ ಕಳುಹಿಸುವಾಗ ಕೊಟ್ಟ ಉಳಿದ ಔಷಧಗಳನ್ನೂ 1.6 ಎಂಬ ಅಂಕಿಯ ಜೊತೆ ಇಟ್ಟು ಯಾರಾದರೂ ಒಮ್ಮೆ ನೋಡಬೇಕು. ನೋವಿಗೆಂದು ಕೊಡುವ ಪ್ರೆಗಾಬಾಲಿನ್, ಗ್ಯಾಬಪೆಂಟಿನ್, ಟ್ರಮಡಾಲ್ ಇದ್ದರೆ ಅವು ಮೈಯಲ್ಲಿ ಉಳಿದು ಮಂಪರು ತರುತ್ತವೆ. "ಆಪರೇಷನ್ ಆದ ಮೇಲೆ ಅಮ್ಮ ಮಂಕಾದರು" ಎಂದು ಬರುವವರಲ್ಲಿ ಕೆಲವರದು ಇದೇ ಕಥೆ. ರಕ್ತ ಹೆಪ್ಪುಗಟ್ಟದಂತೆ ಹೊಟ್ಟೆಗೆ ಕೊಡುವ ಎನೋಕ್ಸಪರಿನ್ ಚುಚ್ಚುಮದ್ದು ಮುಂದುವರಿಯುತ್ತಿದ್ದರೆ ನೀವಾಗಿ ನಿಲ್ಲಿಸಬೇಡಿ, ಆದರೆ ಶೋಧನೆ 30ಕ್ಕಿಂತ ಕೆಳಗಿರುವಾಗ ಅದರ ಪ್ರಮಾಣ ತಗ್ಗಿಸಬೇಕು ಎಂಬುದನ್ನು ನೆನಪಿಸಿ. ಮಲಬದ್ಧತೆಗೆ ಫಾಸ್ಫೇಟ್ ಎನಿಮಾ ಬೇಡ, ಲ್ಯಾಕ್ಟುಲೋಸ್ ಸಾಕು. ಮೂತ್ರದ ಸೋಂಕಿಗೆ ಟ್ರೈಮೆಥೊಪ್ರಿಮ್ ಇರುವ ಮಾತ್ರೆ ಬರೆದರೆ ಪೊಟ್ಯಾಸಿಯಂ ಏರಬಹುದು ಎಂದು ಕೇಳಿ. ಉಪ್ಪಿನ ಬದಲಿ ಎಂದು ಮಾರುವ ಪುಡಿಯಲ್ಲಿ ಇರುವುದೂ ಪೊಟ್ಯಾಸಿಯಂ ಕ್ಲೋರೈಡ್, ಅದನ್ನು ಮುಟ್ಟಬೇಡಿ.

ಪ್ರೋಟೀನ್ ಬಿಡಿಸಬೇಡಿ. ಮುರಿದ ಮೂಳೆ, ಗಾಯ, ಕರಗುತ್ತಿರುವ ತೊಡೆಯ ಸ್ನಾಯು, ಮೂರೂ ಅದನ್ನೇ ಕೇಳುತ್ತಿವೆ. ಡಯಾಲಿಸಿಸ್ ತಪ್ಪಿಸಲೆಂದು ಇಂಥ ರೋಗಿಯ ಪ್ರೋಟೀನ್ ಕಡಿತ ಮಾಡುವುದನ್ನು ಯಾವ ಮಾರ್ಗಸೂಚಿಯೂ ಹೇಳುವುದಿಲ್ಲ. ದಿನಕ್ಕೆ ಸುಮಾರು 45 ಗ್ರಾಂ, ಅಂದರೆ ತೂಕದ ಕೆ.ಜಿ.ಗೆ ಒಂದು ಗ್ರಾಂ, ಕಡೇಪಕ್ಷ ಹೋಗಲಿ.

ಮುಂದಿನ ವರದಿಗಳನ್ನು ಓದುವುದು ಹೇಗೆ? ಪೆಟ್ಟು ತಿಂದ ಸೂಕ್ಷ್ಮನಾಳಗಳ ಜೀವಕೋಶಗಳು ಮತ್ತೆ ಬೆಳೆಯಲು ಸಾಮಾನ್ಯವಾಗಿ ಒಂದರಿಂದ ಮೂರು ವಾರ, ಕೆಲವರಲ್ಲಿ ಇನ್ನೂ ಹೆಚ್ಚು ಬೇಕು. ಈ ವಾರ ಒಮ್ಮೆ, ಆಮೇಲೆ ಎರಡು ವಾರಕ್ಕೊಮ್ಮೆ, ಮೂರು ತಿಂಗಳು ತುಂಬಿದಾಗ ಒಮ್ಮೆ ಕ್ರಿಯಾಟಿನಿನ್, ಪೊಟ್ಯಾಸಿಯಂ, ಸೋಡಿಯಂ ಮಾಡಿಸಿ. ಮೂರನೆಯ ತಿಂಗಳಲ್ಲಿ ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಸೋರುತ್ತಿದೆಯೇ ಎಂಬ ಪರೀಕ್ಷೆಯೂ ಇರಲಿ. ಅಲ್ಲಿಯವರೆಗೂ ಚೇತರಿಸದೆ ಉಳಿದದ್ದನ್ನು ಮಾತ್ರ ದೀರ್ಘಕಾಲದ ಮೂತ್ರಪಿಂಡ ಕಾಯಿಲೆ ಎನ್ನುತ್ತೇವೆ. ಸಾಧ್ಯವಾದಷ್ಟು ಒಂದೇ ಪ್ರಯೋಗಾಲಯದಲ್ಲಿ ಮಾಡಿಸಿ, ಎಲ್ಲವನ್ನೂ ಒಂದೇ ಹಾಳೆಯಲ್ಲಿ ತಾರೀಖಿನ ಜೊತೆ ಬರೆಯಿರಿ.

ಇಲ್ಲಿಯೂ ಆ ಹಳೆಯ ಮೋಸ ಕಾದಿರುತ್ತದೆ. ಆರು ವಾರ ಮಲಗಿ ಕುಳಿತು ಕಳೆದ ಮೇಲೆ ನಿಮ್ಮ ತಾಯಿಯ ತೂಕ 45ರಿಂದ 41ಕ್ಕೆ ಇಳಿದಿದೆ, ಕ್ರಿಯಾಟಿನಿನ್ 1.0ಕ್ಕೆ ಮರಳಿದೆ ಎಂದುಕೊಳ್ಳಿ. ಎಲ್ಲರೂ ಸಂತೋಷಪಡುತ್ತಾರೆ. ಆದರೆ ಕಸವೇ ಕಡಿಮೆಯಾಗಿರುವಾಗ ಮನೆ ಮೊದಲಿನಷ್ಟೇ ಚೊಕ್ಕಟವಾಗಿದೆ ಎಂದರೆ ಗುಡಿಸುವವರು ಪೂರ್ತಿ ಚೇತರಿಸಿಕೊಂಡಿಲ್ಲ ಎಂದೇ ಅರ್ಥ. ಅದೇ ಸೂತ್ರದಲ್ಲಿ 41 ಹಾಕಿದರೆ 33ರ ಬದಲು 30 ಬರುತ್ತದೆ. ಅನುಮಾನವಿದ್ದರೆ ಸಿಸ್ಟಾಟಿನ್ ಸಿ ಎಂಬ ರಕ್ತ ಪರೀಕ್ಷೆ ಕೇಳಿ. ಅದು ಸ್ನಾಯುವನ್ನು ಅಷ್ಟಾಗಿ ಅವಲಂಬಿಸಿಲ್ಲ.

ಶೋಧನೆಯ ಈ ಲೆಕ್ಕ ಚಿಕ್ಕ ವಿಷಯವಲ್ಲ, ಏಕೆಂದರೆ ನಿಮ್ಮ ಕೊನೆಯ ಪ್ರಶ್ನೆ ನಿಂತಿರುವುದೇ ಅದರ ಮೇಲೆ. ವರ್ಷಕ್ಕೊಮ್ಮೆ ಕೊಡುವ ಇಂಜೆಕ್ಷನ್ ಎಂದರೆ ಝೋಲೆಡ್ರೋನಿಕ್ ಆಮ್ಲವೇ ಇರಬೇಕು. ಸೊಂಟ ಮುರಿದವರಿಗೆ ಅದನ್ನು ಕೊಟ್ಟು ನೋಡಿದ, 2007ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಹೊಸ ಮುರಿತಗಳು ಶೇಕಡಾ 35ರಷ್ಟು, ಸಾವುಗಳು ಶೇಕಡಾ 28ರಷ್ಟು ಕಡಿಮೆಯಾದವು. ಒಳ್ಳೆಯ ಔಷಧ, ನಿಮ್ಮ ಮೂಳೆ ವೈದ್ಯರು ಯೋಚಿಸಿದ್ದು ಸರಿ. ಆದರೆ ಶೋಧನೆ 35ಕ್ಕಿಂತ ಕಡಿಮೆ ಇರುವವರಿಗೂ, ಮೂತ್ರಪಿಂಡ ಇನ್ನೂ ಪೆಟ್ಟಿನಿಂದ ಏಳುತ್ತಿರುವವರಿಗೂ ಅದನ್ನು ಕೊಡಬಾರದು. ಇಂದು ಖಂಡಿತ ಬೇಡ. ಶೋಧನೆ 35ರ ಕೆಳಗೇ ಉಳಿದರೆ ಆರು ತಿಂಗಳಿಗೊಮ್ಮೆ ಕೊಡುವ ಡೆನೊಸುಮಾಬ್ ಇದೆ. ಅದು ಮೂತ್ರಪಿಂಡದ ಮೂಲಕ ಹೋಗುವುದಿಲ್ಲ. ಅದಕ್ಕೆ ಎರಡು ಷರತ್ತು: ಮೊದಲು ವಿಟಮಿನ್ ಡಿ ಮತ್ತು ಕ್ಯಾಲ್ಸಿಯಂ ಸರಿಪಡಿಸಿರಬೇಕು, ಇಲ್ಲದಿದ್ದರೆ ರಕ್ತದ ಕ್ಯಾಲ್ಸಿಯಂ ಅಪಾಯಕಾರಿಯಾಗಿ ಕುಸಿಯಬಹುದು, ಶುರು ಮಾಡಿದ ಮೇಲೆ ಒಂದು ಡೋಸ್ ಕೂಡ ತಪ್ಪಿಸಬಾರದು, ತಪ್ಪಿಸಿದರೆ ಬೆನ್ನುಮೂಳೆ ಮುರಿಯುವ ಸಂಭವ ಏರುತ್ತದೆ. ಆಯ್ಕೆಯನ್ನು ಈಗಲೇ ಮಾಡಬೇಕಿಲ್ಲ. ವಿಟಮಿನ್ ಡಿ ಪರೀಕ್ಷೆ ಈ ವಾರವೇ ಮಾಡಿಸಿ, ಕೊರತೆ ಇದ್ದರೆ ತುಂಬಿಸಲು ಶುರು ಮಾಡಲಿ.

ಈ ನಡುವೆ ಉಸಿರುಗಟ್ಟಿದರೆ, ಮೂತ್ರ ಅರ್ಧ ಲೀಟರ್‌ಗಿಂತ ಕಡಿಮೆಯಾದರೆ, ವಾಂತಿ ನಿಲ್ಲದಿದ್ದರೆ, ಹೊಸದಾಗಿ ಮಂಪರು ಅಥವಾ ಗೊಂದಲ ಕಂಡರೆ, ಕೈಕಾಲು ಸೋತು ಎದೆ ಹೊಡೆದುಕೊಳ್ಳುತ್ತಿದ್ದರೆ ಪತ್ರ ಬರೆಯಬೇಡಿ, ನೇರ ಆಸ್ಪತ್ರೆಗೆ ಕರೆದೊಯ್ಯಿರಿ. ಅಂಥದ್ದೇನೂ ಆಗದೆ ಮೂರನೆಯ ತಿಂಗಳ ವರದಿ ಕೈಗೆ ಬಂದಾಗ ಅದನ್ನು ನನಗೆ ಕಳುಹಿಸಿ, ಇಂಜೆಕ್ಷನ್ ಲೆಕ್ಕ ಆಗ ಹಾಕೋಣ. ಅದೇ ದಿನ ಅಮ್ಮನನ್ನು ತಕ್ಕಡಿಯ ಮೇಲೆ ನಿಲ್ಲಿಸಿ, ತೂಕವನ್ನೂ ಪಕ್ಕದಲ್ಲಿ ಬರೆಯಿರಿ.